ಮಂಜಿನೊಳಗಿಂದ ಕರೆದ ಹೆಸರು

ಪ್ರಾರ್ಥನೆಯಿಂದ ಜ್ವರ ಇಳಿಯಿತು, ಕಳೆದುಹೋದ ಹಸು ಮರಳಿತು ಎಂದು ಯಾರಾದರೂ ಹೇಳಿದರೆ, ಕಣ್ಣಾರೆ ಕಂಡವರು ಯಾರು ಎಂದು ಕೇಳುವುದು ನನ್ನ ಅಭ್ಯಾಸ. ನಾನು ಶಾಲೆಯಲ್ಲಿ ಕಲಿತದ್ದು ಕಡಿಮೆ, ಓದಿದ್ದೆಲ್ಲ ಸ್ವಂತ ಹಟದಿಂದ. ಇನ್ನೊಬ್ಬರ ಮಾತನ್ನು ನಂಬಿ ಸುಮ್ಮನಾಗುವುದು ನನ್ನಿಂದಾಗದು. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಇದನ್ನೂ ತಳ್ಳಿಹಾಕುತ್ತಿದ್ದೆ. ಓದುಗರು ನಂಬಲೇಬೇಕೆಂಬ ಒತ್ತಾಯವೂ ನನಗಿಲ್ಲ.

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಬಿಟ್ಟಂಗಾಲದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರಾಗಿದ್ದೆ. ತಮ್ಮ ಪುಟ್ಟಯ್ಯ ಆಳುಗಳ ಮೇಸ್ತ್ರಿ. ಹೆತ್ತವರು ಬೇಗ ತೀರಿಕೊಂಡದ್ದರಿಂದ ಅವನನ್ನು ಸಾಕಿ ಬೆಳೆಸಿದವನು ನಾನೇ. ನಾನು ಮದುವೆಯಾಗಲಿಲ್ಲ. ಅವನು ವಿರಾಜಪೇಟೆಯ ಕ್ರೈಸ್ತರ ಹುಡುಗಿ ತೆರೇಸಾಳ ಕೈಹಿಡಿದ. ನಮ್ಮವರು ಆಡಿದ ಮಾತುಗಳಿಗೆ ನಾನು ಸೊಪ್ಪು ಹಾಕಲಿಲ್ಲ. ನನ್ನನ್ನು ಕೊರೆದದ್ದು ಬೇರೆ. ಸಂಜೆಯಾದರೆ ನನ್ನ ದಾರಿ ಕಾಯುತ್ತಿದ್ದವನು ಈಗ ಒಳಗೆ, ಪ್ರಾರ್ಥನೆಗೆ ಮೊಣಕಾಲೂರಿದ ಹೆಂಡತಿಯ ಪಕ್ಕದಲ್ಲಿ ಕೂತಿರುತ್ತಿದ್ದ. ಜಗಲಿಯಲ್ಲಿದ್ದ ನನಗೆ ಅವಳ ಗುಣುಗುಣು ಮಾತ್ರ ಕೇಳುತ್ತಿತ್ತು.

ಒಮ್ಮೆ ತಡೆಯಲಾರದೆ ಕೇಳಿದೆ: "ದಿನಾ ಅದನ್ನೇ ಹೇಳ್ತೀಯಲ್ಲಮ್ಮ, ನಿನ್ನ ದೇವರಿಗೆ ಒಂದ್ಸಲ ಹೇಳಿದ್ರೆ ಜ್ಞಾಪಕ ಇರೋದಿಲ್ವ?"

"ಅವನಿಗೆ ಇರ್ತದೆ ಬಾವ. ನಾನು ಮರೀಬಾರ್ದಲ್ಲ," ಎಂದು ನಕ್ಕಳು.

ಆ ವರ್ಷ ಏಲಕ್ಕಿ ಕೊಯ್ಲಿಗೆ ಸಾಹುಕಾರರು ನಮ್ಮಿಬ್ಬರನ್ನೂ ಕಕ್ಕಬೆಯ ಮೇಲಿನ ಮಲೆಗೆ ಕಳುಹಿಸಿದರು. ತೆರೇಸಾ ಬಿಟ್ಟಂಗಾಲದಲ್ಲೇ ಉಳಿದಳು. ಒಂದು ಸಾಯಂಕಾಲ ಮೇಲಿನ ತೋಟ ನೋಡಿಬರಲು ಹೋಗಿದ್ದ ತಮ್ಮ ಹಿಂತಿರುಗುವ ಮೊದಲೇ ಮಂಜು ಇಳಿಯಿತು. ಚಾಚಿದ ಕೈ ಕಾಣದಂತಹ ಮಂಜು. ಆ ತೋಟದ ಅಂಚಿನಲ್ಲಿ ನೆಟ್ಟಗೆ ಕಡಿದಂತಿದ್ದ ಬಂಡೆ, ಕೆಳಗೆ ಕಣಿವೆ.

ಮಲೆಯಲ್ಲಿ ಹೊತ್ತು ಮುಳುಗುವಾಗ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಹೆಸರು ಕಾಡಿಗೆ ತಿಳಿಯಬಾರದೆಂಬ ನಂಬಿಕೆ. 'ಕೂ' ಎಂದು ಕೂಗುತ್ತಾರೆ, ಅಷ್ಟೆ. ನಂಬದಿದ್ದರೂ ಆಳುಗಳ ಮುಂದೆ ನಾನು ಆ ಪದ್ಧತಿ ಮೀರುತ್ತಿರಲಿಲ್ಲ. ಏಲಕ್ಕಿ ಒಣಗಿಸುವ ಮನೆಯ ಮುಂದೆ ನಿಂತು ಗಂಟಲು ಹರಿಯುವಂತೆ ಕೂ ಹಾಕಿದೆ. ಉತ್ತರ ಬರಲಿಲ್ಲ. ಮತ್ತೆ ಮತ್ತೆ ಕೂಗಿದೆ. ನನ್ನ ಕೂಗಲ್ಲದೆ ಬೇರೇನೂ ನನ್ನ ಕಿವಿಗೆ ಬೀಳಲಿಲ್ಲ.

ಕತ್ತಲಾಗುವ ಹೊತ್ತಿಗೆ ಅವನು ಮಂಜಿನಿಂದ ಹೊರಬಂದ. ಮೊಣಕಾಲು ತರಚಿತ್ತು.

"ನಿನ್ನ ಕೂಗು ಬಂಡೆ ಕಡೆಯಿಂದ ಕೇಳ್ತಿತ್ತಣ್ಣ. ನೀನು ಅಲ್ಲೇ ಇದೀಯ ಅಂತ ಹೊರಟಿದ್ದೆ. ಹಿಂದ್ಗಡೆಯಿಂದ ತೆರೇಸಾ ಕರೆದ್ಲು. ತಿರುಗಿ ನಡೆದೆ. ಮುಂದಿಡ್ಬೇಕು ಅಂತಿದ್ದ ಹೆಜ್ಜೆಗೆ ನೆಲ ಇರ್ಲಿಲ್ಲ ಕಣಣ್ಣ."

"ಗಾಳಿ ಸದ್ದಿರಬೇಕು."

"ಗಾಳಿಗೆ ನನ್ ಹೆಸ್ರು ಗೊತ್ತಾ? ದೇವ್ರ ಮುಂದೆ ಬಿಟ್ರೆ ಅವ್ಳು ನನ್ ಹೆಸ್ರು ಹೇಳೋಳಲ್ಲ. ಅದೇ ಸ್ವರ."

ನಾನು ಕರೆದದ್ದು ಅವನನ್ನು ಪ್ರಪಾತಕ್ಕೆ ಎಳೆದಿತ್ತು. ಒಂದು ಹಗಲಿನ ದಾರಿಯಾಚೆ ಇದ್ದವಳು ಕರೆದದ್ದು ಉಳಿಸಿತ್ತು. ಅವನು ಬದುಕಿ ಬಂದ ಸಂತೋಷದ ನಡುವೆಯೂ ಅದು ನನಗೆ ಸಹ್ಯವಾಗಲಿಲ್ಲ.

ಮಂಜು ಸರಿದ ದಿನ ಆ ಬಂಡೆಯ ಮೇಲೆ ನಾನೇ ನಿಂತು, ಒಣಗಿಸುವ ಮನೆಯ ಮುಂದೆ ಒಬ್ಬ ಆಳನ್ನು ನಿಲ್ಲಿಸಿ ಕೂ ಹಾಕಿಸಿದೆ. ಕೂಗು ಎದುರಿನ ಗುಡ್ಡಕ್ಕೆ ಬಡಿದು ಕಣಿವೆಯ ಕಡೆಯಿಂದಲೇ ಬಂತು. ಅಷ್ಟು ಸರಿಹೋಯಿತು. ಆದರೆ ಆ ಸಾಯಂಕಾಲ ಹೆಂಗಸರೆಲ್ಲ ಒಣಗಿಸುವ ಮನೆಯೊಳಗೆ ಕಾಯಿ ಆರಿಸುತ್ತಿದ್ದರು. ಅವನ ಬೆನ್ನ ಹಿಂದೆ ಕರೆದ ಹೆಣ್ಣು ಸ್ವರಕ್ಕೆ ನನಗೆ ಎಲ್ಲಿಯೂ ಆಧಾರ ಸಿಗಲಿಲ್ಲ.

ಬಿಟ್ಟಂಗಾಲಕ್ಕೆ ಮರಳಿದ ದಿನ, ತಮ್ಮ ಬಾಯಿ ತೆರೆಯುವ ಮೊದಲೇ ತೆರೇಸಾಳನ್ನು ಕೇಳಿದೆ: ನಾವಿಲ್ಲದಾಗ ಏನಾದರೂ ವಿಶೇಷ ಪ್ರಾರ್ಥನೆ ಮಾಡಿದೆಯಾ?

"ವಿಶೇಷ ಏನಿಲ್ಲ ಬಾವ. ದಿನಾ ಸಂಜೆ ಹೇಳುವ ಹಾಗೇ. ಮೊದ್ಲು ನಿಮ್ಮ ಹೆಸ್ರು, ಆಮೇಲೆ ಅವ್ರದು."

"ನನ್ನದ್ಯಾಕೆ?"

"ಮನೆಗೆ ದೊಡ್ಡವ್ರು ನೀವಲ್ವಾ?"

ಅದುವರೆಗೆ ನನ್ನ ಹೊಟ್ಟೆಕಿಚ್ಚೆಲ್ಲ ಅವಳ ಮೇಲಿತ್ತು. ಅಂದಿನಿಂದ ಅದು ತಮ್ಮನ ಕಡೆಗೆ ತಿರುಗಿತು, ಈ ವಯಸ್ಸಿನಲ್ಲಿಯೂ ಆರಿಲ್ಲ. ಅವನು ಹೇಳಿದ್ದು ನಿಜವಾದರೆ, ಅವನ ಹೆಸರಿಗಿಂತ ಮೊದಲು ನನ್ನ ಹೆಸರೂ ಆ ಮಂಜಿನೊಳಗೆ ಬಂದಿರಬೇಕು. ಅವನಿಗೆ ಕೇಳಿತು. ನಾನು ಕೂಗುತ್ತಲೇ ಇದ್ದೆ.