ದೊಡ್ಡಮ್ಮನ ಸಿಟ್ಟು ಮತ್ತು ಕಿರುಮೆದುಳು

ಮೊನ್ನೆ ಮೂಡುಬಿದಿರೆಯ ಕಾಲೇಜೊಂದರಲ್ಲಿ ಉಪನ್ಯಾಸ ಕೇಳಲು ಹೋಗಿದ್ದೆ. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಮೆದುಳನ್ನು ಮುಟ್ಟಿ ನೋಡುತ್ತಿರುವಾಗ ಹಿಂಬದಿಯ ಒಂದು ತುಂಡು ಕಳಚಿ ಕೈಗೆ ಬಂತು. ಕಿರುಮೆದುಳು. ಪುಟ್ಟ ಕಿತ್ತಳೆಯಷ್ಟು ದೊಡ್ಡದು. ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾದ ನಾನು ಆಯುಷ್ಯವಿಡೀ ಅದರ ಬಗ್ಗೆ ಹೇಳಿದ್ದು ಒಂದೇ ವಾಕ್ಯ: ದೇಹದ ಸಮತೋಲನ ಕಾಪಾಡುತ್ತದೆ. ಒಂದು ಅಂಕದ ಪ್ರಶ್ನೆ. ಮಕ್ಕಳು ಬರೆದರು, ನಾನು ಸರಿ ಗುರುತು ಹಾಕಿದೆ, ಕತೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಉಪನ್ಯಾಸ ಕೊಟ್ಟ ಹುಡುಗಿ ಬೇರೆಯೇ ಹೇಳಿದಳು. ಹಿಂದಿನವರು ಕಿರುಮೆದುಳಿಗೆ ಪೆಟ್ಟಾದವರ ಕೈಕಾಲು ನೋಡಿದರಂತೆ. ತೂರಾಡುವುದು, ನಡುಗುವುದು ಕಣ್ಣಿಗೆ ಕಾಣುತ್ತದಲ್ಲ. ಸ್ಕ್ಯಾನಿಂಗ್ ಯಂತ್ರಗಳು ಬಂದ ಮೇಲೆ, ನಾವು ಪದ ಹುಡುಕುವಾಗಲೂ ಯಾರದೋ ಮುಖ ಕಂಡು ಹಿಗ್ಗುವಾಗಲೂ ಅದು ದುಡಿಯುತ್ತದೆ ಎಂಬುದು ಸಂಶೋಧಕರಿಗೆ ಕಾಣತೊಡಗಿದೆ. ಅದು ಕೆಟ್ಟರೆ ಕೆಲವರ ದನಿಯ ಏರಿಳಿತ ಹೋಗುತ್ತದೆ, ಮುಖ ಮಂಕಾಗುತ್ತದೆ. “ಮನೆಯವರು ಅದನ್ನು ಬಿಗುಮಾನ ಅಂತ ತಿಳೀತಾರೆ,” ಎಂದಳು. ಮುಂದೆ ಅವಳು ಹೇಳಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ.

ಫರಂಗಿಪೇಟೆಯ ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ನೆನಪಾಗಿದ್ದರು. ಅವರ ತಮಾಷೆಗೆ ಸಿಕ್ಕದವರಿಲ್ಲ. ನನ್ನ ನಿವೃತ್ತಿಯ ಶಾಲು ನೋಡಿ, “ಪುಣ್ಯ, ಮಕ್ಕಳು ಬಚಾವಾದರು,” ಎಂದವರು. ತಂಗಿ, ಲಾಯಿಲದ ವಾರಿಜ ಚಿಕ್ಕಮ್ಮ, ಬಂದರಂತೂ ಅಂಗಳದಿಂದಲೇ ಸುರು: “ಬಂದಳು ಲಾಯಿಲದ ರಾಣಿ! ನೀನು ಹತ್ತಿದ ಬಸ್ಸು ಉಂಟಾ, ಪಂಕ್ಚರಾ ಮಾರಾಯ್ತಿ?” ಅದನ್ನು ನೀವು ತುಳುವಿನಲ್ಲಿ ಕೇಳಬೇಕಿತ್ತು, ಕನ್ನಡದಲ್ಲಿ ಬರೆದರೆ ಅರ್ಧ ಖಾರ ಇಳಿದುಹೋಗುತ್ತದೆ. ದಪ್ಪ ಚಿಕ್ಕಮ್ಮ ಆ ಮಾತು ಕೇಳುವುದಕ್ಕೇ ಬಸ್ಸು ಬದಲಿಸಿ ಬದಲಿಸಿ ಬರುತ್ತಿದ್ದರು.

ಒಂದು ಬೆಳಗ್ಗೆ ದೊಡ್ಡಮ್ಮ ಬಚ್ಚಲಲ್ಲಿ ಕುಸಿದರು. ಕಿರುಮೆದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡಿತ್ತು. “ಬ್ಯಾಲೆನ್ಸ್ ಮಾತ್ರ ಹೋಗಿದೆ, ಬುದ್ಧಿ ಸರಿ ಉಂಟು,” ಎಂದರು ಡಾಕ್ಟರು. ನಾವೆಲ್ಲ ದೇವರಿಗೆ ಕೈ ಮುಗಿದೆವು. ನನ್ನ ಪಾಠಪುಸ್ತಕವೂ ಅದನ್ನೇ ಹೇಳುತ್ತಿತ್ತಾದ್ದರಿಂದ ನಾನು ತುಸು ಜಂಬದಿಂದಲೇ ತಲೆಯಾಡಿಸಿದ್ದೆ.

ಮಗಳ ಬಾಣಂತನದಲ್ಲಿ ಸಿಕ್ಕಿಕೊಂಡಿದ್ದ ಚಿಕ್ಕಮ್ಮನಿಗೆ ಆಸ್ಪತ್ರೆಗೆ ಬರಲಾಗಲಿಲ್ಲ. ಅಕ್ಕ ಮನೆಗೆ ಮರಳಿದ ಮೇಲೆ, ಅವರಿಗೆ ಇಷ್ಟವೆಂದು ಕಪ್ಪೆಚಿಪ್ಪಿನ ಪದಾರ್ಥ, ಮರುವಾಯಿ ಸುಕ್ಕ, ಮಾಡಿಕೊಂಡು ಓಡಿ ಬಂದರು. ಗೋಡೆ ಹಿಡಿದು ನಿಂತಿದ್ದ ದೊಡ್ಡಮ್ಮ, “ಬಾ. ಕೂತುಕೋ,” ಎಂದರು, ಹಾಜರಿ ಕರೆದ ಹಾಗೆ. ಉಂಡರು. “ಲಾಯ್ಕ ಉಂಟು.” ಮುಖದ ಒಂದು ಗೆರೆ ಅಲುಗಲಿಲ್ಲ. ಮುಂದಿನ ಸಲವೂ ಹಾಗೆಯೇ.

“ನಾನು ಆಸ್ಪತ್ರೆಗೆ ಬರಲಿಲ್ಲ ಅಂತ ಸಿಟ್ಟು ಅವಳಿಗೆ,” ಎಂದು ಚಿಕ್ಕಮ್ಮ ನನ್ನ ಬಳಿ ಅತ್ತರು. “ತಲೆ ಸರಿ ಇಲ್ಲದಿದ್ದರೆ ಬೇರೆ. ಬುದ್ಧಿ ಸರಿ ಉಂಟು ಅಂತ ಡಾಕ್ಟ್ರೇ ಹೇಳಿದ್ದಾರಲ್ಲ ಮಗಾ!”

ನಾವು ಕೈ ಮುಗಿದಿದ್ದ ಒಳ್ಳೆಯ ಸುದ್ದಿಯೇ ದೊಡ್ಡಮ್ಮನ ವಿರುದ್ಧ ಸಾಕ್ಷಿಯಾಯಿತು. ಚಿಕ್ಕಮ್ಮ ಬರುವುದನ್ನು ನಿಲ್ಲಿಸಿದರು. ಕೆಲವು ಮಳೆಗಾಲ ಕಳೆದು ದೊಡ್ಡಮ್ಮ ತೀರಿಕೊಂಡರು. ಈ ಹೊಸ ವಿಚಾರ ಆಗಲೇ ನಮ್ಮ ಕಿವಿಗೆ ಬಿದ್ದಿದ್ದರೆ ಚಿಕ್ಕಮ್ಮ ಬರುವುದನ್ನು ನಿಲ್ಲಿಸುತ್ತಿರಲಿಲ್ಲ.

ಉಪನ್ಯಾಸದ ಮರುದಿನವೇ ವೇಣೂರು ದಾರಿಯ ಬಸ್ಸು ಹಿಡಿದು ಲಾಯಿಲಕ್ಕೆ ಹೊರಟೆ. ಚಿಕ್ಕಮ್ಮನ ಎದೆಯ ಭಾರ ಇಳಿಸುವವನು ನಾನೇ ಎಂಬ ಉಮೇದು ಬೇರೆ. ದಾರಿಯಲ್ಲಿ ಸಿಹಿಯನ್ನೂ ಕಟ್ಟಿಸಿಕೊಂಡಿದ್ದೆ ನೋಡಿ! ಅಕ್ಕಿ ಆರಿಸುತ್ತ ಕೂತಿದ್ದ ಅವರ ಮುಂದೆ ಎಲ್ಲ ಬಿಡಿಸಿ ಹೇಳಿದೆ, ತರಗತಿಯಲ್ಲಿ ಹೇಳಿದಂತೆ.

“ಹಾಗಾದರೆ ಅಕ್ಕನಿಗೆ ಸಿಟ್ಟಿರಲಿಲ್ಲವಾ?”

“ಇರಲಿಕ್ಕಿಲ್ಲ ಚಿಕ್ಕಮ್ಮ. ನಗು ಹೊರಗೆ ಬರ್ತಿರಲಿಲ್ಲ, ಅಷ್ಟೇ.”

ಅವರ ಕೈ ಅಕ್ಕಿಯಲ್ಲೇ ನಿಂತಿತು. “ನನ್ನನ್ನು ಕಾಣುವುದೇ ಅವಳಿಗೆ ಬೇಡ, ಹಾಗಾಗಿ ಹೋಗಲಿಲ್ಲ ಅಂತ ಇಷ್ಟು ದಿನ ಒಂದು ಸಮಾಧಾನ ಇತ್ತು ಮಗಾ,” ಎಂದರು. “ಈಗ, ಅವಳು ನನ್ನನ್ನು ಕಾಯ್ತಾ ಇದ್ದಳು ಅಂತ ಆಯ್ತಲ್ಲ?”

ಯಾವ ಪ್ರಶ್ನೆ ಬಂದರೂ ಇರಲಿ ಎಂದು ಬಸ್ಸಿನಲ್ಲೇ ಉತ್ತರ ಜೋಡಿಸಿಕೊಂಡಿದ್ದವನು ನಾನು. ಕಟ್ಟಿಸಿಕೊಂಡು ಬಂದ ಸಿಹಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ. ಬಂದದ್ದೇ ತಪ್ಪಾಯಿತೇನೋ ಎನಿಸಿತು.

ಚಿಕ್ಕಮ್ಮ ಅಕ್ಕಿಯನ್ನು ಬದಿಗಿಟ್ಟು, “ಊಟ ಮಾಡಿಯೇ ಹೋಗು,” ಎಂದು ಎದ್ದರು. ಬಡಿಸುವಾಗ ಅವರ ಮುಖದಲ್ಲಿ ಅಳು ಇರಲಿಲ್ಲ, ಏನೂ ಇರಲಿಲ್ಲ. ಮುಖ ನೋಡಿ ಒಳಗಿನದನ್ನು ತೀರ್ಮಾನಿಸುವ ಧೈರ್ಯ ನನಗೆ ಇನ್ನು ಉಳಿದಿರಲಿಲ್ಲ.