ಖಾಲಿ ಕೋಣೆಯ ಉಸಿರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಂಟಲಿನ ಆಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ ಫ್ಯಾನ್‌ಗಳು ಗುಂಯ್‌ಗುಡುತ್ತಿವೆ, ಕಪಾಟಿನ ತುಂಬ ಪುಟ್ಟ ಹಸಿರು ದೀಪಗಳು ಮಿಣುಕುತ್ತಿವೆ. ಶಾಲು ಹೊದ್ದ ಹೆಂಗಸೊಬ್ಬರು ಕುರ್ಚಿ ಎಳೆದುಕೊಂಡು ಕೂತು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ. ಯಾರೋ ಗಂಡಸು ನಗುತ್ತಾನೆ. ಮತ್ತೆ ಅದೇ ನಗು, ಅದೇ ಕೆಮ್ಮು, ಅದೇ "ಕೇಳಿಸ್ತಿದೆಯಾ?" ನಕ್ಕವನು ತೀರಿಕೊಂಡು ವರ್ಷ ಕಳೆದಿದೆ.

"ಮೊದಮೊದಲು ಮೈ ಜುಮ್ ಅನ್ನೋದು. ಈಗ ಅವರು ನಕ್ರೆ ನನಗೂ ನಗು ಬರುತ್ತೆ. ಅದು ಇನ್ನೂ ಜಾಸ್ತಿ ಭಯ ಅಲ್ವಾ?" ಎನ್ನುತ್ತಾರೆ ಅವರು.

ಆಸ್ಪತ್ರೆಯಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರ ಬಾಯಲ್ಲೂ ಜಾಗದಕ್ಕ. ಯಾವ ಕಂಪ್ಯೂಟರು 'ಜಾಗವಿಲ್ಲ' ಎಂದು ಮುಷ್ಕರ ಹೂಡಿದರೂ ಎಲ್ಲರೂ ಓಡಿಬರುವುದು ಇವರ ಬಾಗಿಲಿಗೆ. ಕೆಲಸ ಮುಗಿದ ಮೇಲೆ ಇತ್ತ ತಲೆ ಹಾಕಿಯೂ ಮಲಗುವುದಿಲ್ಲ ಎನ್ನುವುದು ಬೇರೆ ಮಾತು.

ಇಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕುವ ಆಪರೇಷನ್ ನಡೆಯುತ್ತದೆ. ಅದಕ್ಕೆ ಮೊದಲು ರೋಗಿಗಳು ಪಕ್ಕದ ಪುಟ್ಟ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಮನೆಯವರಿಗೆ ಬೇಕಾದ ಮಾತುಗಳನ್ನು ತಮ್ಮ ದನಿಯಲ್ಲೇ ಇಟ್ಟುಹೋಗುತ್ತಾರೆ. ಆ ಫೈಲುಗಳನ್ನು ಕಂಪ್ಯೂಟರು ತಾನೇ ಬ್ಯಾಕಪ್ ಮಾಡಿಕೊಳ್ಳುತ್ತದೆ. ಆದರೆ ಅದರ ಬುದ್ಧಿ ಅಷ್ಟಕ್ಕಷ್ಟೇ. ಒಂದು ಮಾತು ಬದಲಾದರೂ ಇಡೀ ಫೈಲಿನ ಹೊಸ ಪ್ರತಿ ತೆಗೆದಿಡುತ್ತದೆ, ಹಳೆಯದನ್ನೂ ಬಿಡುವುದಿಲ್ಲ. "ಮಗಳೇ" ಎನ್ನುವುದನ್ನು ಅಪ್ಪನೊಬ್ಬ ಹತ್ತು ಸಲ ತಿದ್ದಿ ಹೇಳಿದರೆ ಡಿಸ್ಕಿನಲ್ಲಿ ಹತ್ತು ಅಪ್ಪಂದಿರು ಕೂತಿರುತ್ತಾರೆ. ಡಿಸ್ಕು ಹೀಗೆ ಕಂಠಮಟ್ಟ ತುಂಬಿತೆಂದರೆ ಹೊಸ ರೋಗಿಯ ದನಿಗೆ ಬ್ಯಾಕಪ್ ಇರುವುದಿಲ್ಲ. ರೆಕಾರ್ಡು ಮಾಡಿದ ಯಂತ್ರ ಕೆಟ್ಟರೆ ಮುಗಿಯಿತು, ಇನ್ನೊಮ್ಮೆ ಹೇಳಿ ಎನ್ನಲು ಅವರ ಬಳಿ ದನಿಯೇ ಉಳಿದಿರುವುದಿಲ್ಲ.

ಹಳೆಯದನ್ನು ನೀನೇ ಅಳಿಸಿಕೋ ಎಂದು ಯಂತ್ರಕ್ಕೆ ಒಪ್ಪಿಸಿಬಿಡಬಹುದಲ್ಲ? ಜಾಗದಕ್ಕ ತಲೆಯಾಡಿಸುತ್ತಾರೆ. "ಹೊಸದೇ ಸರಿ ಅಂತ ಅದು ಅನ್ಕೊಂಡಿದೆ. ಒಂದೊಂದು ಸಲ ಹೊಸದರಲ್ಲಿ ಏನೂ ಇರಲ್ಲ. ಅದಕ್ಕೇ ನಾನು ಹಾಕಿ ಕೇಳದೆ ಯಾವುದನ್ನೂ ಅಳಿಸಲ್ಲ."

ಆ ದನಿಗಳ ನಡುವೆ ಅವರ ಗಂಡನ ದನಿಯೂ ಇತ್ತು. ಗಂಡ ಬಸ್ ಕಂಡಕ್ಟರ್ ಆಗಿದ್ದವರು. ಅವರು ಸೀಟಿ ಊದಬೇಕಾಗಿಯೇ ಇರಲಿಲ್ಲ, ಬರೀ ಗಂಟಲಿಗೇ ಬಸ್ಸು ನಿಲ್ಲುತ್ತಿತ್ತು. ಗಡ್ಡೆ ಆ ಗಂಟಲನ್ನೇ ಹುಡುಕಿಕೊಂಡು ಬಂತು. ಈಗ ಅವರು ಉಸಿರಾಡುವುದು ಕತ್ತಿನಲ್ಲಿ ಮಾಡಿದ ತೂತಿನಿಂದ. ಮಾತೇನಿದ್ದರೂ ತುಟಿಯಲ್ಲಿ, ಮುಖ ನೋಡಿದವರಿಗಷ್ಟೇ ತಿಳಿಯುತ್ತದೆ. ಆಸ್ಪತ್ರೆಯವರೇ ಅವರನ್ನು ರಾತ್ರಿ ಕಾವಲಿಗೆ ಇಟ್ಟುಕೊಂಡರು. ಹೊಸ ರೋಗಿಗಳಿಗೆ ಮೈಕಿನ ಮುಂದೆ ಯಾವ ಗುಂಡಿ ಒತ್ತಬೇಕು, ತಪ್ಪಿದ ಮಾತಿನ ಮೇಲೆ ಹೇಗೆ ಮತ್ತೆ ರೆಕಾರ್ಡು ಮಾಡಬೇಕು ಎಂದು ತೋರಿಸಿಕೊಡುವುದೂ ಅವರೇ.

ಜಾಗದಕ್ಕ ದಿನಾ ಕೆಲಸ ಶುರುಮಾಡುವ ಮುಂಚೆ ಗಂಡನ ಫೈಲು ಹಾಕಿಕೊಳ್ಳುತ್ತಿದ್ದರು. "ಏ ಇವಳೇ, ಬೀಗದ ಕೈ ಎಲ್ಲಿಟ್ಟೆ?" ಎನ್ನುತ್ತಿತ್ತು ದನಿ. "ಮೊಳೆಗೆ ಹಾಕಿದೀನಿ ನೋಡಿ," ಎನ್ನುತ್ತಿದ್ದರು ಇವರು. "ತಿಂಡಿ ಆಯ್ತಾ?" "ಆಯ್ತು." ಖಾಲಿ ಕೋಣೆಯಲ್ಲಿ ಹೀಗೆ ಸಂಸಾರ ನಡೆಯುತ್ತಿತ್ತು.

ಕಳೆದ ತಿಂಗಳು ಡಿಸ್ಕು ಕಾರಣವಿಲ್ಲದೆ ತುಂಬತೊಡಗಿತು. ರೋಗಿಗಳು ಕಡಿಮೆ, ಆದರೂ ಬೆಳಗಾಗುವಷ್ಟರಲ್ಲಿ ಯಾವುದೋ ಫೈಲಿನ ಹೊಸ ಪ್ರತಿ. ಯಾರದೆಂದು ನೋಡಿದರೆ ಗಂಡನದೇ. ಪಕ್ಕದ ಕೋಣೆಗೆ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ತೆಗೆದು ನೋಡಿದರೆ ಮೈಕಿನ ಮುಂದಿನ ಕುರ್ಚಿ ಓರೆಯಾಗಿತ್ತು. ಮುಟ್ಟಿದರೆ ಬೆಚ್ಚಗಿತ್ತು.

ಹೊಸ ಪ್ರತಿ ಹಾಕಿ ಕೇಳಿದರು. ಬೀಗದ ಕೈಯ ಮಾತು ಇರಲಿಲ್ಲ. ಮರುದಿನ ಇನ್ನೊಂದು ಮಾತು ಇರಲಿಲ್ಲ. ಫೈಲಿನ ಉದ್ದ ಅಷ್ಟೇ ಇದೆ, ಮಾತಿದ್ದ ಕಡೆ ಮೌನ. "ಯಾರೋ ಅವರ ದನೀನ ಒಳಗಿಂದ ತಿಂತಿದಾರೆ ಅನ್ನಿಸ್ತು," ಎನ್ನುವಾಗ ಈಗಲೂ ಅವರ ಕೈ ಶಾಲಿನೊಳಗೆ ಸರಿಯುತ್ತದೆ.

ಒಂದು ಬೆಳಗ್ಗೆ ಎದೆ ಗಟ್ಟಿ ಮಾಡಿಕೊಂಡು ಆ ಮೌನದ ಸದ್ದನ್ನು ಪೂರ್ತಿ ಏರಿಸಿದರು. ಒಳಗೆ ಯಾರೋ ಇದ್ದರು. ಸುಯ್ ಎಂದು ಎಳೆದುಕೊಂಡು, ಸಣ್ಣಗೆ ಸಿಳ್ಳೆಯಂತೆ ಬಿಡುವ ಉಸಿರು. ಹೆಡ್‌ಫೋನ್ ಕಿತ್ತೆಸೆದು ಬಾಗಿಲವರೆಗೆ ಓಡಿದವರು ಅಲ್ಲೇ ನಿಂತರು. ಆ ಉಸಿರು ಅವರಿಗೆ ಗೊತ್ತಿತ್ತು. ಕತ್ತಿನ ತೂತಿನಿಂದ ಬರುವ, ಹಾಸಿಗೆಯ ಆಚೆ ಬದಿಯ ಉಸಿರು.

ಗಂಡ ಗೇಟಿನಲ್ಲಿ ಮನೆಗೆ ಹೊರಟು ನಿಂತಿದ್ದರು. "ನೀವೇನಾ?" ಎಂದರು ಇವರು. ಗಂಡ ಇಲ್ಲವೆನ್ನಲಿಲ್ಲ. ದೀಪದ ಕೆಳಗೆ ಹೆಂಡತಿಯ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡು, ತುಟಿಯಲ್ಲಿ ನಿಧಾನಕ್ಕೆ ಹೇಳಿದರು: "ನೀನು ಹೆಡ್‌ಫೋನ್ ಒಳಗಿರೋ ಅವನ ಹತ್ರ ಮಾತಾಡ್ತೀಯ. ಬಾಗಿಲಲ್ಲಿ ನಿಂತು ನೋಡಿದೀನಿ. ಮನೇಲಿ ನನ್ನ ಮುಖಾನೇ ನೋಡಲ್ಲ. ನಾನು ಹೇಳಿದ್ದು ಯಾರಿಗೂ ಕೇಳ್ತಿಲ್ಲ. ಅವನನ್ನ ಕಳಿಸಿಬಿಡು."

ಗಂಡ ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ.

ಅವತ್ತೇ ತರಕಾರಿ ಮಾರುವ ಹೆಂಗಸೊಬ್ಬಳು ರೆಕಾರ್ಡಿಗೆ ಬಂದಿದ್ದಳು, ಮರುದಿನ ಆಪರೇಷನ್. ಡಿಸ್ಕಿನಲ್ಲಿ ಎಳ್ಳಷ್ಟೂ ಜಾಗವಿರಲಿಲ್ಲ. ಗಂಡನ ಹಳೆಯ ಪ್ರತಿಗಳಲ್ಲಿ ಮಾತು ಪೂರ್ತಿಯಾಗಿ ಹಾಗೇ ಇತ್ತು. ಅಳಿಸಿದರೆ ಆ ದನಿ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ.

"ಒಂದು ಸಲ ಪೂರ್ತಿ ಕೇಳಿದೆ. ತಿಂಡಿ ಆಯ್ತಾ ಅಂದ್ರು. ಆಯ್ತು ಅಂತ ಬಾಯಿಗೆ ಬಂದಿತ್ತು, ತಡ್ಕೊಂಡೆ. ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಅಳಿಸೋ ಗುಂಡಿ ಒತ್ತಿದೆ."

ಒಂದು ಪ್ರತಿ ಮಾತ್ರ ಉಳಿಸಿಕೊಂಡಿದ್ದಾರೆ. ಹಳೆಯದಲ್ಲ, ತೀರಾ ಹೊಸದು, ಮಾತಿಲ್ಲದ್ದು. "ಅದರಲ್ಲಿ ಇರೋರು ಈಗಿನ ಇವರು," ಎನ್ನುತ್ತಾರೆ. ತೆರವಾದ ಜಾಗದಲ್ಲಿ ತರಕಾರಿಯವಳ ಕೂಗು ಕೂತಿದೆ. ಹೆಡ್‌ಫೋನ್ ಹಾಕಿಕೊಂಡರೆ ಕಿವಿ ಗುಂಯ್ ಎನ್ನುತ್ತದೆ.

ದೊಡ್ಡ ಡಿಸ್ಕು ತರಿಸುತ್ತೇವೆ ಎಂದು ಆಸ್ಪತ್ರೆಯವರು ಹೇಳುತ್ತಲೇ ಇದ್ದಾರೆ. ಅದೇ ನಿಮ್ಮ ಆಸೆಯಾ ಎಂದರೆ ಜಾಗದಕ್ಕ ನಗುತ್ತಾರೆ.

"ಡಿಸ್ಕು ಬಂದಾಗ ಬರಲಿ. ನಮ್ಮ ಅಡುಗೆಮನೆ ದೀಪ ತೀರಾ ಮಂಕು, ಅದನ್ನ ಬದಲಾಯಿಸ್ಬೇಕು. ಕತ್ತಲಿದ್ರೆ ಅವರು ಹೇಳೋದು ನನಗೆ ಕೇಳಿಸಲ್ಲ."