ಕುತ್ತಿಗೆಯ ಸೀಲ್

ನಮ್ಮನೆಯವರಿಗೆ ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ. ಬಂದರಿನ ತಣ್ಣೀರಿನಲ್ಲಿ ಮುಳುಗಿ ಹಡಗುಗಳ ತಳ ಉಜ್ಜುವುದು, ಸಡಿಲವಾದ ಬೋಲ್ಟು ಬಿಗಿಯುವುದು. ಮೈಗೆ ನೀರು ತಾಕದಂತೆ ಡ್ರೈಸೂಟ್ ಹಾಕುತ್ತಾರೆ. ಅದರ ಕುತ್ತಿಗೆಗೂ ಮಣಿಕಟ್ಟಿಗೂ ತೆಳು ರಬ್ಬರಿನ ಸೀಲ್ ಇರುತ್ತದೆ. ಅದು ಹರಿದರೆ ಸೂಟಿನ ತುಂಬಾ ನೀರು.

ಹೋದ ತಿಂಗಳು ಕುತ್ತಿಗೆಯ ಸೀಲ್ ಹರಿಯಿತು. ರಿಪೇರಿಯವನಿಗೆ ಕೊಡಿ ಎಂದೆ. ಕೇಳಿದರೆ ತಾನೆ? ನನ್ನ ಹೊಲಿಗೆ ಮೇಜನ್ನು ಆಕ್ರಮಿಸಿಕೊಂಡು, ತಲೆಗೂದಲು ಒಣಗಿಸುವ ಮೆಷಿನ್ನಿನಿಂದ ಹಳೆಯದನ್ನು ಬಿಸಿ ಮಾಡಿ ಕಿತ್ತರು. ನನ್ನ ಒಳ್ಳೆಯ ಪಾತ್ರೆಯನ್ನು ಸೂಟಿನ ಕೊರಳಿಗೆ ತುರುಕಿ, ಸುತ್ತ ಅಂಟು ಹಚ್ಚಿ, ಹೊಸದನ್ನು ಕೂರಿಸಿದರು. ಕೆಲಸ ಅಚ್ಚುಕಟ್ಟಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಪಾತ್ರೆ ಮಾತ್ರ ಇನ್ನು ಅಡುಗೆಗೆ ಬಾರದು.

ಆ ವಾರದಿಂದಲೇ ಗೊಂದಲ. ನೀರಿನಿಂದ ಮೇಲೆ ಬಂದವರಿಗೆ ಬೋಲ್ಟು ಬಿಗಿದೆನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮತ್ತೆ ಇಳಿದು ನೋಡಿದರೆ ಬಿಗಿದೇ ಇರುತ್ತಿತ್ತು. ಒಮ್ಮೆ ತಾವು ಇಳಿದ ಏಣಿಯನ್ನೇ ಹುಡುಕಿದರಂತೆ. ಮನೆಗೆ ಬಂದರೆ ತಲೆ ನೆಟ್ಟಗೆ. ನಾನು ಕನ್ನಡಕ ಎಲ್ಲಿಟ್ಟೆನೆಂದು ಅವರೇ ಹೇಳುತ್ತಿದ್ದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅವರಿಗೋ ಒಂದೇ ಭಯ. ನಮ್ಮ ಮಾವನವರಿಗೆ ಐವತ್ತೈದಕ್ಕೇ ಮರೆವು ಹತ್ತಿ, ಕೊನೆಗೆ ಸ್ವಂತ ಮಗನನ್ನೇ ಯಾರಪ್ಪಾ ನೀನು ಎಂದು ಕೇಳಿದ್ದರು. ಇವರಿಗೆ ಈಗ ಐವತ್ತನಾಲ್ಕು.

ಒಂದು ಬೆಳಗ್ಗೆ ನನಗೆ ರೇಗಿಹೋಯಿತು. ಸೂಟು ಹಾಕಿಕೊಂಡು ನನ್ನೆದುರು ಕೂತುಕೊಳ್ಳಿ, ನೋಡಿಯೇಬಿಡೋಣ ಎಂದೆ. ಕೂತರು. ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿತು, ಕಣ್ಣು ತೇಲಿತು. ಮಗಳ ವಯಸ್ಸೆಷ್ಟು ಎಂದು ಕೇಳಿದೆ.

"ಯಾವ ಮಗಳು?" ಎಂದರು.

ನಮಗಿರುವವಳು ಒಬ್ಬಳೇ. ಕುತ್ತಿಗೆಗೆ ಕೈ ಹಾಕಿದರೆ ಸೀಲಿನೊಳಗೆ ಕಿರುಬೆರಳೂ ಹೋಗದು. ಸರಸರನೆ ಕಳಚಿಸಿದೆ. ರಬ್ಬರಿನ ಮೇಲೆ ಸುತ್ತಲೂ ಗೆರೆಗಳಿದ್ದವು. ಇವೇನು ಎಂದರೆ, ಅವರವರ ಕುತ್ತಿಗೆಗೆ ತಕ್ಕಂತೆ ಕತ್ತರಿಸಿಕೊಳ್ಳಲು ಅಂತೆ, ಒಂದೊಂದು ಗೆರೆ ಕತ್ತರಿಸಿದಷ್ಟೂ ಬಾಯಿ ಅಗಲವಾಗುತ್ತದಂತೆ. ಬಿಗಿಯಾದಷ್ಟೂ ನೀರು ಬರುವುದಿಲ್ಲವೆಂದು ಈ ಮಹಾನುಭಾವರು ಒಂದು ಗೆರೆಯನ್ನೂ ಮುಟ್ಟಿರಲಿಲ್ಲ. ತಲೆಗೆ ರಕ್ತ ಹೋಗುವುದಾದರೂ ಹೇಗೆ?

ಹೊಲಿಗೆಯ ಕತ್ತರಿ ತಂದೆ. ಒಂದು ಗೆರೆ ಕತ್ತರಿಸಿ ಹಾಕಿಸಿ ನೋಡಿದೆ, ಇನ್ನೊಂದು, ಮತ್ತೊಂದು. ಈಗ ಕಾಲು ಗಂಟೆ ಕೂತ ಮೇಲೂ ಮಗಳ ವಯಸ್ಸಷ್ಟೇ ಅಲ್ಲ, ಅವಳು ಹುಟ್ಟಿದ ವಾರವನ್ನೂ ಹೇಳಿದರು. ಆಮೇಲೆ ಅಳತೊಡಗಿದರು.

"ಕೆಲಸ ಬಿಡ್ತೀನಿ ಅಂತ ನಿನ್ನೆ ಮೇಸ್ತ್ರಿಗೆ ಬರೆದುಕೊಟ್ಟುಬಿಟ್ಟೆ ಕಣೇ. ಇಲ್ಲಾ, ಕೊಡಲೇ ಇಲ್ವೋ ಏನೋ. ಸೂಟಲ್ಲಿದ್ದೆ."

ಕತ್ತರಿಸಿ ತೆಗೆದ ರಬ್ಬರಿನ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು, ಅವರನ್ನು ಮೇಸ್ತ್ರಿಯ ಕಚೇರಿಗೆ ಎಳೆದುಕೊಂಡು ಹೋದೆ. ಕಾಗದ ಕೊಟ್ಟೇ ಇದ್ದರು. ಮೇಸ್ತ್ರಿ ಆ ಕಾಗದ ಕೈಗೆತ್ತಿಕೊಂಡು, ತಲೆ ನೆಟ್ಟಗಿಲ್ಲದವನನ್ನು ನೀರಿಗಿಳಿಸಿ ನಾನು ಜೈಲಿಗೆ ಹೋಗಲೇ ಎಂದರು. ರಬ್ಬರಿನ ವಿಷಯ ಹೇಳಿದರೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಕತ್ತರಿಸಿದ ಮೂರು ರಬ್ಬರ್ ಬಳೆಗಳನ್ನೂ ಚೀಲದಿಂದ ತೆಗೆದೆ.

"ಇವನ್ನ ಹತ್ತು ನಿಮಿಷ ಕುತ್ತಿಗೆಗೆ ಹಾಕ್ಕೊಂಡು ಕೂತ್ಕೊಳ್ಳಿ, ಆಮೇಲೆ ಮಾತಾಡಿ."

ಮೇಸ್ತ್ರಿ ಹಠಕ್ಕೆ ಬಿದ್ದು ಹಾಕಿಕೊಂಡರು. ನಾನು ಗಡಿಯಾರ ನೋಡುತ್ತ ನಿಂತೆ. ಏಳನೆಯ ನಿಮಿಷಕ್ಕೆ ಮೇಸ್ತ್ರಿ ಡ್ರಾಯರ್ ಎಳೆದು, ಫೈಲು ಸರಿಸಿ, ಏನನ್ನೋ ಹುಡುಕತೊಡಗಿದರು. ಏನು ಬೇಕಿತ್ತು ಎಂದೆ.

"ನಿಮ್ಮವರ ಕಾಗದ ಕಣಮ್ಮ. ಈಗ ಇಲ್ಲೇ ಇತ್ತಲ್ಲ."

ಅದು ಅವರ ಎಡಗೈಯಲ್ಲೇ ಇತ್ತು. ನಮ್ಮನೆಯವರು ಮೆಲ್ಲಗೆ ಅದನ್ನು ಬಿಡಿಸಿಕೊಂಡು ಎರಡಾಗಿ ಹರಿದರು. ಆಮೇಲೆ ಮೇಸ್ತ್ರಿಯ ಕುತ್ತಿಗೆಯಿಂದ ಬಳೆಗಳನ್ನು ತೆಗೆದರು.